ವೇಗದ ಜಾಲದ ಮೇಲೆ ಎನ್‌ಎಫ್‌ಎಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಎಫ್‌ಎಸ್ ಎಂದರೆ ಬೇರೆ ಯಂತ್ರದ ಡಿಸ್ಕಿನಲ್ಲಿರುವ ಕಡತಗಳನ್ನು ಜಾಲದ ಮೂಲಕ ನಮ್ಮವೇ ಎಂಬಂತೆ ಬಳಸುವ ವ್ಯವಸ್ಥೆ. ಒಂದು ಗಿಗಾಬಿಟ್ ಜಾಲವನ್ನು ಬಿಟ್ಟು 10, 25 ಅಥವಾ 100 ಗಿಗಾಬಿಟ್ ಈಥರ್‌ನೆಟ್‌ಗೆ ಬಂದವರಲ್ಲಿ ಬಹಳ ಮಂದಿಗೆ ಮೊದಲ ವಾರದಲ್ಲೇ ಒಂದು ನಿರಾಶೆ ಕಾದಿರುತ್ತದೆ. ಕಾರ್ಡು, ಕೇಬಲ್ಲು, ಸ್ವಿಚ್ಚು ಎಲ್ಲವೂ ಹೊಸದು. ಕಡತ ನಕಲಾಗುವ ವೇಗ ಮಾತ್ರ ಮೊದಲಿಗಿಂತ ಎರಡು ಮೂರು ಪಟ್ಟನ್ನು ದಾಟುವುದಿಲ್ಲ. ಆಗ ಅಂತರ್ಜಾಲದಲ್ಲಿ ಸಿಕ್ಕ ಸಿಸ್‌ಕಂಟ್ರೋಲ್ ಸಾಲುಗಳನ್ನೆಲ್ಲ, ಅಂದರೆ ಕರ್ನಲ್ಲಿನ ಹೊಂದಿಕೆಗಳನ್ನು ಬದಲಿಸುವ ಸಾಲುಗಳನ್ನೆಲ್ಲ, ತಂದು ಅಂಟಿಸುವ ಕೆಲಸ ಶುರುವಾಗುತ್ತದೆ. ಈ ಪುಟ ಆ ಅಂಟಿಸುವ ಕೆಲಸಕ್ಕೆ ಮುಂಚೆ ಓದುವುದಕ್ಕಾಗಿ ಬರೆದದ್ದು. ಸರ್ವರ್ ಮತ್ತು ಕ್ಲೈಂಟ್ ಎರಡೂ ಲಿನಕ್ಸ್ ಎಂದೂ, ಸರ್ವರಿನಲ್ಲಿ ಕರ್ನಲ್‌ನದೇ ಎನ್‌ಎಫ್‌ಎಸ್ ಸೇವೆ ನಡೆಯುತ್ತಿದೆ ಎಂದೂ ಇಲ್ಲಿ ಭಾವಿಸಲಾಗಿದೆ. ಆಜ್ಞೆಗಳ ಮತ್ತು ಆಯ್ಕೆಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆಯಲಾಗಿದೆ.

10 ಗಿಗಾಬಿಟ್ ಜಾಲದಲ್ಲಿ ಎನ್‌ಎಫ್‌ಎಸ್‌ನಿಂದ ಹೆಚ್ಚೆಂದರೆ ಎಷ್ಟು ವೇಗ ಸಿಗಬಹುದು?

ಹತ್ತು ಗಿಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 1250 ಮೆಗಾಬೈಟ್ ಬರುತ್ತದೆ, ಆದರೆ ಅಷ್ಟೂ ನಿಮ್ಮ ದತ್ತಾಂಶಕ್ಕೆ ದಕ್ಕುವುದಿಲ್ಲ. ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರವಾದ ಎಂಟಿಯು ಸಾಮಾನ್ಯದಂತೆ 1500 ಬೈಟ್ ಇದ್ದಾಗ ಒಂದೊಂದು ಪ್ಯಾಕೆಟ್ ತಂತಿಯ ಮೇಲೆ 1538 ಬೈಟಿನ ಜಾಗ ಹಿಡಿಯುತ್ತದೆ, ಅದರೊಳಗೆ ನಿಜವಾದ ಸರಕು 1448 ಬೈಟ್ ಮಾತ್ರ. ಅಂದರೆ ಶೇಕಡಾ 94ರಷ್ಟು ಉಪಯೋಗ, ಸೆಕೆಂಡಿಗೆ ಸುಮಾರು 1176 ಮೆಗಾಬೈಟ್. ಎಂಟಿಯು 9000 ಆದರೆ ಇದು ಶೇಕಡಾ 99ಕ್ಕೆ, ಅಂದರೆ 1238 ಮೆಗಾಬೈಟಿಗೆ ಏರುತ್ತದೆ. ಎನ್‌ಎಫ್‌ಎಸ್‌ನ ಸ್ವಂತ ತಲೆಬರಹಗಳು ದೊಡ್ಡ ಕಡತಗಳ ಮಟ್ಟಿಗೆ ನಗಣ್ಯ. ಆದ್ದರಿಂದ ದೊಡ್ಡ ಕಡತವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ 1100 ಮೆಗಾಬೈಟಿನ ಆಸುಪಾಸು ಬಂದರೆ ಅದು ಒಳ್ಳೆಯ ಫಲಿತಾಂಶ; ಅಲ್ಲಿಂದಾಚೆಗೆ ಹೆಣಗುವುದರಲ್ಲಿ ಲಾಭವಿಲ್ಲ.

ಶುರು ಎಲ್ಲಿಂದ ಮಾಡಬೇಕು?

ಅಳತೆಯಿಂದ, ಅದೂ ಪದರ ಪದರವಾಗಿ. ಮೊದಲು ಸರ್ವರಿನ ಮೇಲೆಯೇ ಕೂತು, ಜಾಲವನ್ನು ಮುಟ್ಟದೆ, ಎಫ್‌ಐಒ ಸಾಧನದಿಂದ ಡಿಸ್ಕಿನ ಓದುವ ಮತ್ತು ಬರೆಯುವ ವೇಗವನ್ನು ಅಳೆಯಿರಿ. ನಾಲ್ಕು ತಿರುಗುವ ಡಿಸ್ಕುಗಳ ಗುಂಪು ಸೆಕೆಂಡಿಗೆ 600 ಮೆಗಾಬೈಟ್ ಕೊಡುತ್ತಿದ್ದರೆ ಯಾವ ಜಾಲ ಶ್ರುತಿಯೂ (ಟ್ಯೂನಿಂಗ್) ಅದನ್ನು 1100 ಮಾಡಲಾರದು. ಆಮೇಲೆ ಡಿಸ್ಕನ್ನು ಬಿಟ್ಟು ಜಾಲವನ್ನು ಮಾತ್ರ ಐಪರ್ಫ್‌ನಿಂದ ಎರಡೂ ದಿಕ್ಕಿನಲ್ಲಿ ಅಳೆಯಿರಿ. ಐಪರ್ಫ್ 3ರ ಹಳೆಯ ಆವೃತ್ತಿಗಳು ಎಷ್ಟು ಸಮಾನಾಂತರ ಹರಿವುಗಳನ್ನು ಕೇಳಿದರೂ ಒಂದೇ ಸಿಪಿಯು ಥ್ರೆಡ್‌ನಲ್ಲಿ ನಡೆಯುತ್ತಿದ್ದವು. 2023ರಲ್ಲಿ ಬಂದ 3.16ರಿಂದ ಈಚೆಗೆ ಮಾತ್ರ ಪ್ರತಿ ಹರಿವಿಗೂ ಒಂದು ಥ್ರೆಡ್ ಸಿಗುತ್ತದೆ. 100 ಗಿಗಾಬಿಟ್ ಕಾರ್ಡನ್ನು ಹಳೆಯ ಐಪರ್ಫ್‌ನಿಂದ ಅಳೆದು ಕಾರ್ಡೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಈ ಎರಡೂ ಅಂಕಿಗಳು ಕೈಯಲ್ಲಿದ್ದ ಮೇಲೆ ಮೂರನೆಯದಾಗಿ ಎನ್‌ಎಫ್‌ಎಸ್ ಮೂಲಕ ಅಳೆಯಬೇಕು. ಇಲ್ಲಿ ಮೋಸ ಹೋಗಲು ಹಲವು ದಾರಿಗಳಿವೆ. ಒಮ್ಮೆ ಓದಿದ ಕಡತ ಕ್ಲೈಂಟಿನ ಸ್ಮರಣೆಯಲ್ಲಿ ಉಳಿದಿರುವುದರಿಂದ ಎರಡನೆಯ ಸಲ ಜಾಲಕ್ಕೆ ಹೋಗುವುದೇ ಇಲ್ಲ; ಅಳತೆಗೆ ಮುಂಚೆ ಪುಟ ಸಂಗ್ರಹವನ್ನು ಖಾಲಿ ಮಾಡಬೇಕು ಅಥವಾ ಸ್ಮರಣೆಗಿಂತ ದೊಡ್ಡ ಕಡತವನ್ನು ಬಳಸಬೇಕು. ಸೊನ್ನೆಗಳಿಂದ ತುಂಬಿದ ಕಡತವನ್ನು ಬರೆದು ನೋಡುವುದು ಎಲ್ಲರ ಅಭ್ಯಾಸ, ಆದರೆ ಸರ್ವರಿನಲ್ಲಿ ಸಂಕುಚನ ಚಾಲೂ ಇರುವ ಜಡ್‌ಎಫ್‌ಎಸ್ ಕಡತ ವ್ಯವಸ್ಥೆ ಇದ್ದರೆ ಆ ಸೊನ್ನೆಗಳು ಡಿಸ್ಕಿಗೆ ತಲುಪುವುದೇ ಇಲ್ಲ. ಒಂದೇ ಸರ್ವರಿನ ಒಂದು ಕೋಶದಿಂದ (ಫೋಲ್ಡರಿನಿಂದ) ಇನ್ನೊಂದಕ್ಕೆ ನಕಲು ಮಾಡಿ ಅಳೆಯುವುದೂ ಸರಿಯಲ್ಲ: ಎನ್‌ಎಫ್‌ಎಸ್ ಆವೃತ್ತಿ 4.2ರ ಮೌಂಟಿನಲ್ಲಿ (ಮೌಂಟ್ ಎಂದರೆ ಸರ್ವರಿನ ಕೋಶವನ್ನು ಕ್ಲೈಂಟಿಗೆ ಜೋಡಿಸಿಕೊಳ್ಳುವುದು) ಈಚಿನ ಸಿಪಿ ಆಜ್ಞೆ ನಕಲಿನ ಕೆಲಸವನ್ನು ಸರ್ವರಿಗೇ ವಹಿಸಿಕೊಡಬಲ್ಲದು, ಆಗ ಕಾಣುವ ಭರ್ಜರಿ ವೇಗಕ್ಕೂ ನಿಮ್ಮ ಜಾಲಕ್ಕೂ ಸಂಬಂಧವಿರುವುದಿಲ್ಲ.

ಐಪರ್ಫ್ 9.4 ಗಿಗಾಬಿಟ್ ತೋರಿಸುತ್ತದೆ, ಸರ್ವರಿನ ಡಿಸ್ಕುಗಳೂ ವೇಗದವು, ಆದರೂ ಓದುವ ವೇಗ 300 ಮೆಗಾಬೈಟ್ ದಾಟುವುದಿಲ್ಲ. ಏಕೆ?

ಈ ಪುಟದ ಮುಖ್ಯ ಪ್ರಶ್ನೆ ಇದೇ. ಬಾವಿಯಲ್ಲಿ ಎಷ್ಟೇ ನೀರಿರಲಿ, ಇರುವುದು ಒಂದು ಕೊಡ ಮತ್ತು ಒಂದು ಹಗ್ಗವಾದರೆ ಮನೆಗೆ ಬರುವ ನೀರನ್ನು ನಿರ್ಧರಿಸುವುದು ಕೊಡದ ಗಾತ್ರ ಮತ್ತು ಅದನ್ನು ಇಳಿಸಿ ಏರಿಸಲು ಹಿಡಿಯುವ ಹೊತ್ತು. ಎನ್‌ಎಫ್‌ಎಸ್ ಕೂಡ ಕೋರಿಕೆ ಮತ್ತು ಉತ್ತರಗಳ ವ್ಯವಹಾರ. ಯಾವುದೇ ಕ್ಷಣದಲ್ಲಿ ಉತ್ತರಕ್ಕಾಗಿ ಕಾಯುತ್ತಿರುವ ಒಟ್ಟು ಬೈಟುಗಳನ್ನು ಒಂದು ಉತ್ತರ ಬರಲು ಹಿಡಿಯುವ ಸಮಯದಿಂದ ಭಾಗಿಸಿದರೆ ಬರುವುದೇ ನಿಮ್ಮ ವೇಗ. ತಂತಿಯ ಅಗಲ ಅದಕ್ಕೆ ಮೇಲಿನ ಮಿತಿಯಷ್ಟೇ.

ಲೆಕ್ಕ ಹಾಕಿ ನೋಡೋಣ. ಒಂದು ಓದಿನ ಕೋರಿಕೆಗೆ ಸರ್ವರಿನ ಕೆಲಸವೂ ಸೇರಿ 0.4 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಕ್ಲೈಂಟ್ ಒಂದು ಸಲಕ್ಕೆ 128 ಕಿಲೋಬೈಟನ್ನು ಮಾತ್ರ ಕೇಳಿ, ಉತ್ತರ ಬಂದ ಮೇಲೆ ಮುಂದಿನದನ್ನು ಕೇಳುತ್ತಿದ್ದರೆ ಸೆಕೆಂಡಿಗೆ ಸುಮಾರು 328 ಮೆಗಾಬೈಟ್ ಆಗುತ್ತದೆ. ಜಾಲ 10 ಗಿಗಾಬಿಟ್ ಇದ್ದರೂ ಇಷ್ಟೇ, 100 ಇದ್ದರೂ ಹೆಚ್ಚುಕಡಿಮೆ ಇಷ್ಟೇ.

128 ಕಿಲೋಬೈಟ್ ಎಂಬುದು ನಾನು ಸುಮ್ಮನೆ ಆಯ್ದ ಅಂಕಿಯಲ್ಲ. ಮುಂದೆ ಬೇಕಾಗಬಹುದಾದ ಭಾಗವನ್ನು ಕರ್ನಲ್ ಮುಂಚಿತವಾಗಿಯೇ ತರಿಸಿಟ್ಟುಕೊಳ್ಳುವುದಕ್ಕೆ ಮುನ್ನೋದು ಎನ್ನೋಣ. ಹಿಂದೆ ಎನ್‌ಎಫ್‌ಎಸ್ ಕ್ಲೈಂಟಿನ ಮುನ್ನೋದು ಒಂದು ಓದಿನ ಕೋರಿಕೆಯ ಗರಿಷ್ಠ ಗಾತ್ರವಾದ ಆರ್‌ಸೈಜ್‌ನ 15 ಪಟ್ಟು ಇರುತ್ತಿತ್ತು, ಅಂದರೆ ಆರ್‌ಸೈಜ್ 1 ಮೆಗಾಬೈಟ್ ಇದ್ದಾಗ 15 ಮೆಗಾಬೈಟ್. ಲಿನಕ್ಸ್ 5.4ರಿಂದ ಈ ಸ್ವಂತ ಲೆಕ್ಕ ಹೋಗಿ, ಉಳಿದ ಸಾಧನಗಳಿಗಿರುವ 128 ಕಿಲೋಬೈಟಿನ ಸಾಮಾನ್ಯ ಮೌಲ್ಯವೇ ಎನ್‌ಎಫ್‌ಎಸ್‌ಗೂ ಬಂತು. ಹೊಸ ಕರ್ನಲ್‌ಗೆ ಏರಿದ ಮೇಲೆ ಓದುವ ವೇಗ ಕುಸಿಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಮೌಂಟಿನ ಸಾಧನ ಸಂಖ್ಯೆಯನ್ನು ಮೌಂಟ್‌ಪಾಯಿಂಟ್ ಆಜ್ಞೆಯಿಂದ ತಿಳಿದು, ಕರ್ನಲ್ ಹೊಂದಿಕೆಗಳನ್ನು ಕಡತಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನ ಬಿಡಿಐ ವಿಭಾಗದಲ್ಲಿ ಆ ಸಂಖ್ಯೆಯ ಕೆಳಗಿರುವ ರೀಡ್‌ಅಹೆಡ್ ಮೌಲ್ಯಕ್ಕೆ 15360 (ಕಿಲೋಬೈಟ್, ಅಂದರೆ 15 ಮೆಗಾಬೈಟ್) ಎಂದು ಬರೆದು ಮತ್ತೊಮ್ಮೆ ಅಳೆಯಿರಿ. ದೊಡ್ಡ ಕಡತಗಳನ್ನು ಸಾಲಾಗಿ ಓದುವವರಿಗೆ, ಅಂದರೆ ವಿಡಿಯೊ ಸಂಕಲನಕಾರರಿಗೆ, ಜೀನೋಮ್ ದತ್ತಾಂಶ ಓದುವವರಿಗೆ, ಬ್ಯಾಕಪ್ ನಡೆಸುವವರಿಗೆ, ಈ ಪುಟದಲ್ಲಿರುವ ಬೇರೆಲ್ಲ ಸಲಹೆಗಳಿಗಿಂತ ಈ ಒಂದೇ ಸಾಲು ಹೆಚ್ಚು ಕೊಡುವುದು ಸಾಮಾನ್ಯ. ದತ್ತಸಂಚಯಗಳಂತೆ ಅಲ್ಲಲ್ಲಿ ಚೂರುಚೂರಾಗಿ ಓದುವ ಕೆಲಸಕ್ಕೆ ದೊಡ್ಡ ಮುನ್ನೋದು ವ್ಯರ್ಥ, ಕೆಲವೊಮ್ಮೆ ಹಾನಿಕರ ಕೂಡ.

ಕಾಯುವಿಕೆ ಎಲ್ಲಿ ಆಗುತ್ತಿದೆ ಎಂದು ತಿಳಿಯುವುದು ಹೇಗೆ?

ಎನ್‌ಎಫ್‌ಎಸ್‌ಐಒಸ್ಟ್ಯಾಟ್ ಮತ್ತು ಮೌಂಟ್‌ಸ್ಟ್ಯಾಟ್ಸ್ ಎಂಬ ಎರಡು ಆಜ್ಞೆಗಳು ಎನ್‌ಎಫ್‌ಎಸ್ ಸಾಧನಗಳ ಜೊತೆಯಲ್ಲೇ ಬರುತ್ತವೆ, ಆದರೆ ಬಳಸುವವರು ಕಡಿಮೆ. ಅವು ಪ್ರತಿ ಬಗೆಯ ಕೋರಿಕೆಗೂ ಎರಡು ಸಮಯಗಳನ್ನು ಕೊಡುತ್ತವೆ: ಕೋರಿಕೆ ತಂತಿಗೆ ಬಿದ್ದಾಗಿನಿಂದ ಉತ್ತರ ಬರುವವರೆಗಿನ ಆರ್‌ಟಿಟಿ, ಮತ್ತು ಕ್ಲೈಂಟಿನ ಒಳಗೆ ಸರತಿಯಲ್ಲಿ ನಿಂತ ಹೊತ್ತೂ ಸೇರಿದ ಎಕ್ಸಿ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದು ಎರಡೂ ದೊಡ್ಡದಿದ್ದರೆ ತಡವಾಗುತ್ತಿರುವುದು ಜಾಲದಲ್ಲಿ ಅಥವಾ ಸರ್ವರಿನಲ್ಲಿ. ಆರ್‌ಟಿಟಿ ಚಿಕ್ಕದಿದ್ದು ಎಕ್ಸಿ ಮಾತ್ರ ದೊಡ್ಡದಿದ್ದರೆ ಕ್ಲೈಂಟಿನಲ್ಲೇ ಸರತಿ ಬೆಳೆದಿದೆ, ಅಂದರೆ ಸಂಪರ್ಕ ಸಾಲುತ್ತಿಲ್ಲ ಅಥವಾ ಬಾಕಿ ಕೋರಿಕೆಗಳನ್ನಿಡುವ ಜಾಗಗಳಾದ ಸ್ಲಾಟ್‌ಗಳು ಸಾಲುತ್ತಿಲ್ಲ. ಎರಡೂ ಚಿಕ್ಕದಾಗಿದ್ದು ವೇಗ ಮಾತ್ರ ಕಡಿಮೆ ಇದ್ದರೆ ಕೇಳುವವನೇ ಸಾಕಷ್ಟು ಕೇಳುತ್ತಿಲ್ಲ; ಹಿಂದಿನ ಉತ್ತರದಲ್ಲಿ ಹೇಳಿದ ಮುನ್ನೋದಿನ ಕಡೆ ಅಥವಾ ನಿಮ್ಮ ತಂತ್ರಾಂಶದ ಕಡೆ ನೋಡಿ. ಇಡೀ ಶ್ರುತಿ ಮಾಡುವ ಕೆಲಸದಲ್ಲಿ ಈ ವಿಂಗಡಣೆಗಿಂತ ಹೆಚ್ಚು ಸಮಯ ಉಳಿಸುವುದು ಬೇರೊಂದಿಲ್ಲ.

ಆರ್‌ಸೈಜ್ ಮತ್ತು ಡಬ್ಲ್ಯೂಸೈಜ್ ಎಷ್ಟಿರಬೇಕು?

ಆರ್‌ಸೈಜ್ ಓದಿನ, ಡಬ್ಲ್ಯೂಸೈಜ್ ಬರಹದ ಕೋರಿಕೆಯ ಗರಿಷ್ಠ ಗಾತ್ರ. ಏನನ್ನೂ ಬರೆಯದೆ ಬಿಡಿ. ಕ್ಲೈಂಟ್ ಮತ್ತು ಸರ್ವರ್ ತಾವೇ ಮಾತಾಡಿಕೊಂಡು ಇಬ್ಬರಿಗೂ ಒಪ್ಪಿಗೆಯಾದ ದೊಡ್ಡ ಗಾತ್ರವನ್ನು ಆರಿಸಿಕೊಳ್ಳುತ್ತವೆ, ಲಿನಕ್ಸ್‌ನಲ್ಲಿ ಬಹುಕಾಲದಿಂದ ಅದು 1048576 ಬೈಟ್. ಹಳೆಯ ಮಾರ್ಗದರ್ಶಿಗಳಲ್ಲಿ 8192 ಅಥವಾ 32768 ಎಂದು ಬರೆಯಿರಿ ಎಂಬ ಸಲಹೆ ಇನ್ನೂ ಉಳಿದಿದೆ. ಅದು ಎನ್‌ಎಫ್‌ಎಸ್ ಆವೃತ್ತಿ 2ರ 8 ಕಿಲೋಬೈಟ್ ಮಿತಿಯ ಕಾಲದ ಮತ್ತು ಟಿಸಿಪಿಯ ಬದಲು ಯುಡಿಪಿ ಸಾರಿಗೆ ಬಳಸುತ್ತಿದ್ದ ಕಾಲದ ಪಳೆಯುಳಿಕೆ. ವರ್ಷಗಳ ಹಿಂದೆ ಯಾರೋ ಮೌಂಟುಗಳ ಪಟ್ಟಿಯ ಕಡತವಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದಿಟ್ಟ 32768 ಇಂದಿನ 25 ಗಿಗಾಬಿಟ್ ಜಾಲದ ಕಾಲಿಗೆ ಸರಪಳಿ ಹಾಕಿರುವುದುಂಟು. ನಿಜವಾಗಿ ಯಾವ ಗಾತ್ರ ಜಾರಿಯಲ್ಲಿದೆ ಎಂಬುದನ್ನು ಎನ್‌ಎಫ್‌ಎಸ್‌ಸ್ಟ್ಯಾಟ್ ಆಜ್ಞೆಗೆ ಎಂ ಆಯ್ಕೆ ಕೊಟ್ಟು ನೋಡಿ. ಸರ್ವರಿನಲ್ಲಿ ಸ್ಮರಣೆ ಬಹಳ ಕಡಿಮೆ ಇದ್ದರೆ ಕರ್ನಲ್ ತಾನಾಗಿಯೇ ಗರಿಷ್ಠ ಗಾತ್ರವನ್ನು ತಗ್ಗಿಸುತ್ತದೆ.

ಎನ್‌ಕನೆಕ್ಟ್ ಎಂದರೇನು, ಹಾಕಬೇಕೇ?

ಸಾಮಾನ್ಯವಾಗಿ ಒಂದು ಕ್ಲೈಂಟ್ ಒಂದು ಸರ್ವರಿನ ಜೊತೆ ಒಂದೇ ಟಿಸಿಪಿ ಸಂಪರ್ಕದ ಮೇಲೆ ಮಾತಾಡುತ್ತದೆ, ಆ ಸರ್ವರಿನಿಂದ ಹತ್ತು ಕೋಶಗಳನ್ನು ಮೌಂಟ್ ಮಾಡಿದರೂ ಅಷ್ಟೇ. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಕಾರ್ಡಿನ ಒಂದೇ ಸರತಿಗೆ, ಒಂದೇ ಸಿಪಿಯು ತಿರುಳಿಗೆ ಬೀಳುತ್ತವೆ. 10 ಗಿಗಾಬಿಟ್‌ನಲ್ಲಿ ಒಂದು ತಿರುಳು ಹೇಗೋ ನಿಭಾಯಿಸುತ್ತದೆ, 25ರಲ್ಲಿ ಏದುಸಿರು ಬಿಡುತ್ತದೆ, 100ರಲ್ಲಿ ಕೈಚೆಲ್ಲುತ್ತದೆ. 2019ರಲ್ಲಿ ಬಂದ ಲಿನಕ್ಸ್ 5.3ರಲ್ಲಿ ಸೇರಿದ ಎನ್‌ಕನೆಕ್ಟ್ ಆಯ್ಕೆ ಒಂದೇ ಮೌಂಟಿಗೆ 16ರವರೆಗೆ ಸಂಪರ್ಕಗಳನ್ನು ತೆರೆಯಲು ಬಿಡುತ್ತದೆ. ಕೆಲವು ವಿತರಣೆಗಳು ಇದನ್ನು ತಮ್ಮ ಹಳೆಯ ಕರ್ನಲ್‌ಗಳಿಗೂ ತಂದುಕೊಂಡಿವೆ. ಬಾವಿಯ ಹೋಲಿಕೆಯಲ್ಲಿ ಹೇಳುವುದಾದರೆ ಇದು ರಾಟೆಗಳ ಸಂಖ್ಯೆ.

10 ಗಿಗಾಬಿಟ್‌ಗೆ 2 ಅಥವಾ 4, 25ರಿಂದ ಮೇಲಕ್ಕೆ 8 ಎಂದು ಇಟ್ಟು ಅಳೆಯಲು ಶುರುಮಾಡಿ. ಸೀದಾ 16 ಹಾಕುವುದು ನನಗೆ ಸರಿಕಾಣುವುದಿಲ್ಲ: ನೂರು ಕ್ಲೈಂಟುಗಳಿರುವ ಪ್ರಯೋಗಾಲಯದಲ್ಲಿ ಸರ್ವರಿಗೆ ಏಕಾಏಕಿ 1600 ಸಂಪರ್ಕಗಳು ಬಂದು ಕೂರುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಆ ಸರ್ವರಿಗೆ ಅದೇ ಆವೃತ್ತಿಯಲ್ಲಿ ಮಾಡಿದ ಮೊದಲ ಮೌಂಟಿನ ಎನ್‌ಕನೆಕ್ಟ್ ಮೌಲ್ಯವೇ ಮುಂದಿನ ಮೌಂಟುಗಳಿಗೂ ಅನ್ವಯಿಸುತ್ತದೆ. ಎರಡನೆಯ ಮೌಂಟಿಗೆ ಮಾತ್ರ ಆಯ್ಕೆ ಸೇರಿಸಿ, ರೀಮೌಂಟ್ ಮಾಡಿ, ಏನೂ ಬದಲಾಗಲಿಲ್ಲವಲ್ಲ ಎಂದು ಕೂರುವವರು ಆ ಸರ್ವರಿನ ಎಲ್ಲ ಮೌಂಟುಗಳನ್ನೂ ಕಳಚಿ ಮತ್ತೆ ಹಾಕಬೇಕು.

ಎರಡು 10 ಗಿಗಾಬಿಟ್ ಕೊಂಡಿಗಳನ್ನು ಬಾಂಡಿಂಗ್ ಮಾಡಿದ್ದೇನೆ, ವೇಗ ಇಮ್ಮಡಿಯಾಗಲಿಲ್ಲ.

ಆಗುವುದಿಲ್ಲ. ಕೊಂಡಿಗಳನ್ನು ಹೀಗೆ ಒಂದಾಗಿ ಕಟ್ಟುವ ಎಲ್‌ಎಸಿಪಿ ವಿಧಾನ ಒಂದು ಹರಿವನ್ನು ಒಂದೇ ಕೊಂಡಿಯ ಮೇಲೆ ಕಳಿಸುತ್ತದೆ, ಇಲ್ಲವಾದರೆ ಪ್ಯಾಕೆಟ್‌ಗಳ ಕ್ರಮ ಕೆಡುತ್ತದೆ. ಹಲವು ಕ್ಲೈಂಟುಗಳಿದ್ದಾಗ ಒಟ್ಟು ಸಾಮರ್ಥ್ಯ ಹೆಚ್ಚುವುದು ನಿಜ. ಒಂದೇ ಕ್ಲೈಂಟಿಗೆ ಲಾಭ ಬೇಕಿದ್ದರೆ ಎನ್‌ಕನೆಕ್ಟ್ ಹಾಕಿ, ಹಂಚಿಕೆಯ ಹ್ಯಾಶ್ ನೀತಿಯನ್ನು ಐಪಿ ವಿಳಾಸದ ಜೊತೆ ಪೋರ್ಟ್ ಸಂಖ್ಯೆಯನ್ನೂ ಗಣಿಸುವ 3+4 ಪದರದ ನೀತಿಗೆ ಬದಲಿಸಿ. ಸ್ವಿಚ್ಚಿನ ಬದಿಯಲ್ಲೂ ಹಾಗೆಯೇ ಮಾಡಬೇಕು. ಆಗಲೂ ಯಾವ ಸಂಪರ್ಕ ಯಾವ ಕೊಂಡಿಗೆ ಬೀಳುತ್ತದೆ ಎಂಬುದು ಅದೃಷ್ಟದ ಮಾತು. ಸಾಧ್ಯವಿದ್ದರೆ ಒಂದು 25 ಗಿಗಾಬಿಟ್ ಕೊಂಡಿ ಎರಡು ಹತ್ತಕ್ಕಿಂತ ಮೇಲು.

ಎಂಟಿಯು 9000 ಮಾಡಲೇಬೇಕೇ?

ಲಾಭವಿದೆ, ಆದರೆ ಜನ ಅಂದುಕೊಂಡಷ್ಟಿಲ್ಲ. ತಂತಿಯ ಉಳಿತಾಯ ಶೇಕಡಾ 5ರಷ್ಟು. ಮುಖ್ಯ ಉಳಿತಾಯ ಪ್ಯಾಕೆಟ್‌ಗಳ ಎಣಿಕೆಯಲ್ಲಿ: 10 ಗಿಗಾಬಿಟ್ ತುಂಬಿ ಹರಿಯುವಾಗ 1500ರ ಎಂಟಿಯು ಇದ್ದರೆ ಸೆಕೆಂಡಿಗೆ ಸುಮಾರು 8.1 ಲಕ್ಷ ಪ್ಯಾಕೆಟ್, 9000 ಇದ್ದರೆ ಸುಮಾರು 1.4 ಲಕ್ಷ. ಈಗಿನ ಕಾರ್ಡುಗಳು ಕಳಿಸುವಾಗ ದೊಡ್ಡ ತುಂಡನ್ನು ತಾವೇ ಕತ್ತರಿಸುತ್ತವೆ, ಪಡೆಯುವಾಗ ಚಿಕ್ಕ ತುಂಡುಗಳನ್ನು ಕರ್ನಲ್ ಒಗ್ಗೂಡಿಸಿಕೊಳ್ಳುತ್ತದೆ. ಹಾಗಾಗಿ ಸಿಪಿಯು ಮೇಲಿನ ಹೊರೆಯ ವ್ಯತ್ಯಾಸ ಮೊದಲಿನಷ್ಟು ಉಳಿದಿಲ್ಲ. ಶೇಖರಣೆಗೆಂದೇ ಪ್ರತ್ಯೇಕ ವಿಲ್ಯಾನ್, ಅಂದರೆ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಉಪಜಾಲ, ಇದ್ದರೆ ಧಾರಾಳವಾಗಿ ಮಾಡಿ. ಮುದ್ರಣಯಂತ್ರಗಳು, ದೂರವಾಣಿಗಳು, ಎಲ್ಲವೂ ಕೂಡಿರುವ ಜಾಲದಲ್ಲಿ ಮಾಡಬೇಡಿ.

ಇದರಲ್ಲಿ ನಾನೇ ಒಮ್ಮೆ ಅರ್ಧ ದಿನ ಕಳೆದುಕೊಂಡಿದ್ದೇನೆ. ಮೌಂಟ್ ಆಗುತ್ತಿತ್ತು, ಚಿಕ್ಕ ಕೋಶದ ಪಟ್ಟಿ ಬರುತ್ತಿತ್ತು, ದೊಡ್ಡ ಕೋಶದ ಪಟ್ಟಿ ಕೇಳಿದೊಡನೆ ಟರ್ಮಿನಲ್ ಕಲ್ಲಾಗುತ್ತಿತ್ತು. ಸರ್ವರನ್ನು, ಡಿಸ್ಕನ್ನು, ಕೊನೆಗೆ ಕರ್ನಲ್ಲನ್ನೂ ಅನುಮಾನಿಸಿದ ಮೇಲೆ ಗೊತ್ತಾಯಿತು: ಎರಡೂ ತುದಿಯಲ್ಲಿ 9000, ನಡುವಿನ ಸ್ವಿಚ್ಚಿನ ಒಂದು ಪೋರ್ಟಿನಲ್ಲಿ ಮಾತ್ರ 1500. ಟಿಸಿಪಿ ತುದಿಗಳೆರಡನ್ನೇ ನೋಡಿ ದೊಡ್ಡ ತುಂಡಿಗೆ ಒಪ್ಪಿಕೊಂಡಿರುತ್ತದೆ, ಸ್ವಿಚ್ಚು ದೊಡ್ಡ ಚೌಕಟ್ಟನ್ನು ಸದ್ದಿಲ್ಲದೆ ಬಿಸಾಡುತ್ತದೆ, ಯಾರಿಗೂ ತಪ್ಪಿನ ಸಂದೇಶ ಹೋಗುವುದಿಲ್ಲ. ವಿಚಿತ್ರವೆಂದರೆ ಒಂದು ತುದಿಯಲ್ಲಿಯೇ 1500 ಇದ್ದಿದ್ದರೆ ತೊಂದರೆಯಾಗುತ್ತಿರಲಿಲ್ಲ, ಏಕೆಂದರೆ ಆಗ ಒಪ್ಪಂದವೇ ಚಿಕ್ಕ ತುಂಡಿಗೆ ಆಗುತ್ತದೆ. ಅಂದಿನಿಂದ ನಾನು ಎಂಟಿಯು ಬದಲಿಸಿದಾಗಲೆಲ್ಲ ತುಂಡರಿಸಬಾರದು ಎಂಬ ಸೂಚನೆಯೊಡನೆ 8972 ಬೈಟಿನ ಪಿಂಗನ್ನು ಎರಡೂ ದಿಕ್ಕಿನಿಂದ ಕಳಿಸಿ ನೋಡುತ್ತೇನೆ. 9000ದಲ್ಲಿ 28 ಬೈಟ್ ತಲೆಬರಹಗಳಿಗೆ ಹೋಗುತ್ತದೆ.

ಟಿಸಿಪಿ ಬಫರ್‌ಗಳನ್ನು ಹಿಗ್ಗಿಸಬೇಕೇ?

ಒಂದೇ ಕೋಣೆಯೊಳಗೆ ಅಥವಾ ಒಂದೇ ಕಟ್ಟಡದೊಳಗೆ ಇದ್ದರೆ ಸಾಮಾನ್ಯವಾಗಿ ಬೇಡ. ದಾರಿಯಲ್ಲಿ ಒಂದು ಹೊತ್ತಿಗೆ ಎಷ್ಟು ಬೈಟ್ ಇರಬಲ್ಲವೋ ಅಷ್ಟು ದೊಡ್ಡ ಬಫರ್ ಸಾಕು. ಹೋಗಿಬರುವ ಸಮಯ 0.2 ಮಿಲಿಸೆಕೆಂಡ್ ಇದ್ದರೆ 10 ಗಿಗಾಬಿಟ್‌ಗೆ ಅದು 250 ಕಿಲೋಬೈಟ್, 100 ಗಿಗಾಬಿಟ್‌ಗೆ 2.5 ಮೆಗಾಬೈಟ್. ಲಿನಕ್ಸ್ ಪಡೆಯುವ ಬಫರನ್ನು ಅಗತ್ಯ ಕಂಡಂತೆ ತಾನೇ ಬೆಳೆಸುತ್ತದೆ, ಅದರ ಗರಿಷ್ಠ ಮಿತಿ ಬಹಳ ಕಾಲ 6 ಮೆಗಾಬೈಟ್ ಆಗಿತ್ತು, ಈಚಿನ ಕರ್ನಲ್‌ಗಳಲ್ಲಿ ಇನ್ನೂ ಹೆಚ್ಚು.

ದೂರದ ಊರಿನ ಸರ್ವರನ್ನು ಮೌಂಟ್ ಮಾಡುವವರ ಕಥೆ ಬೇರೆ. ಹೋಗಿಬರುವ ಸಮಯ 40 ಮಿಲಿಸೆಕೆಂಡ್ ಇರುವ 10 ಗಿಗಾಬಿಟ್ ದಾರಿಯನ್ನು ತುಂಬಲು 50 ಮೆಗಾಬೈಟ್ ಬೇಕು. ಅಲ್ಲಿ ಟಿಸಿಪಿ ಆರ್‌ಮೆಮ್ ಮತ್ತು ಡಬ್ಲ್ಯೂಮೆಮ್‌ಗಳ ಮೂರನೆಯ ಅಂಕಿಯನ್ನು, ಅಂದರೆ ಪಡೆಯುವ ಮತ್ತು ಕಳಿಸುವ ಬಫರ್‌ಗಳ ಗರಿಷ್ಠ ಮಿತಿಯನ್ನು, ಎರಡೂ ತುದಿಯಲ್ಲಿ ಏರಿಸುವುದು, ಎನ್‌ಕನೆಕ್ಟ್ ಹಾಕುವುದು, ಮುನ್ನೋದನ್ನು ಹಿಗ್ಗಿಸುವುದು ಮೂರೂ ಒಟ್ಟಿಗೆ ಬೇಕಾಗುತ್ತವೆ. ಎಲ್ಲೆಡೆ ನಕಲಾಗುತ್ತಿರುವ ಇಪ್ಪತ್ತು ಸಾಲಿನ ಪಟ್ಟಿಗಳಲ್ಲಿ ಟಿಸಿಪಿ ಟೈಮ್‌ಸ್ಟ್ಯಾಂಪ್ ಮತ್ತು ಸ್ಯಾಕ್‌ಗಳನ್ನು (ಯಾವ ತುಂಡುಗಳು ಬಂದಿವೆ ಎಂದು ಬಿಡಿಬಿಡಿಯಾಗಿ ತಿಳಿಸುವ ವ್ಯವಸ್ಥೆ) ನಿಲ್ಲಿಸಿ ಎಂಬ ಸಾಲೂ ಇರುತ್ತದೆ. ಅದನ್ನು ಪಾಲಿಸಬೇಡಿ, ಒಂದು ಪ್ಯಾಕೆಟ್ ಕಳೆದುಹೋದಾಗ ಸ್ಯಾಕ್ ಇಲ್ಲದ ಸಂಪರ್ಕ ಪಡುವ ಪಾಡು ವೇಗದ ಜಾಲದಲ್ಲಿ ಇನ್ನೂ ಹೆಚ್ಚು.

ಸರ್ವರಿನಲ್ಲಿ ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳು ಎಷ್ಟಿರಬೇಕು?

ಕೋರಿಕೆಗಳನ್ನು ನೆರವೇರಿಸುವ ಈ ಸರ್ವರ್ ಥ್ರೆಡ್‌ಗಳ ಪೂರ್ವನಿಯೋಜಿತ ಸಂಖ್ಯೆ ದೀರ್ಘಕಾಲ 8 ಆಗಿತ್ತು, ಅದು ತಿರುಗುವ ಒಂದೆರಡು ಡಿಸ್ಕುಗಳ ಕಾಲದ ಅಂಕಿ. ಅತಿ ವೇಗದ ಎಸ್‌ಎಸ್‌ಡಿಗಳಾದ ಎನ್‌ವಿಎಂಇ ಡಿಸ್ಕುಗಳು ಏಕಕಾಲಕ್ಕೆ ನೂರಾರು ಕೋರಿಕೆಗಳನ್ನು ನುಂಗಬಲ್ಲವು, ಆದರೆ ಎಂಟು ಥ್ರೆಡ್‌ಗಳಿದ್ದರೆ ಎಂಟೇ ಕೋರಿಕೆಗಳು ಡಿಸ್ಕಿನ ಬಳಿ ನಿಲ್ಲುತ್ತವೆ, ಉಳಿದವು ಬಾಗಿಲಲ್ಲಿ ಕಾಯುತ್ತವೆ. ಎನ್‌ಎಫ್‌ಎಸ್ ಕಾನ್ಫ್ ಕಡತದಲ್ಲಿ 64 ಎಂದು ಇಟ್ಟು ಶುರುಮಾಡಿ, ಕ್ಲೈಂಟುಗಳು ಬಹಳವಿದ್ದರೆ 128 ಅಥವಾ 256. ಪ್ರತಿ ಥ್ರೆಡ್ ತಿನ್ನುವ ಸ್ಮರಣೆ ಒಂದು ಮೆಗಾಬೈಟಿನ ಆಸುಪಾಸು ಮಾತ್ರ, ಆದ್ದರಿಂದ ಇಲ್ಲಿ ಜಿಪುಣತನ ಬೇಡ. ಆದರೆ ಡಿಸ್ಕೇ ಸುಸ್ತಾಗಿದ್ದರೆ ಥ್ರೆಡ್ ಹೆಚ್ಚಿಸಿದಷ್ಟೂ ಸರತಿ ಬಾಗಿಲಿನಿಂದ ಒಳಗೆ ಬರುತ್ತದೆ ಅಷ್ಟೆ.

ಬರೆಯುವಾಗ ಮೊದಲು ಅತಿ ವೇಗ, ಸ್ವಲ್ಪ ಹೊತ್ತಿನ ಮೇಲೆ ಎಲ್ಲ ಸ್ತಬ್ಧ. ಇದೇನು?

ಕ್ಲೈಂಟ್ ಮೊದಲು ತನ್ನ ಸ್ಮರಣೆಗೆ ಬರೆದುಕೊಳ್ಳುತ್ತದೆ, ಆಮೇಲೆ ಸರ್ವರಿಗೆ ಕಳಿಸುತ್ತದೆ. ಹೀಗೆ ಬಾಕಿ ಉಳಿದ ಕೊಳಕು ಪುಟಗಳು ಲಭ್ಯ ಸ್ಮರಣೆಯ ಶೇಕಡಾ 20 ಮುಟ್ಟುವವರೆಗೆ ಕರ್ನಲ್ ಬರೆಯುವವರನ್ನು ತಡೆಯುವುದಿಲ್ಲ. ಶೇಕಡಾ 10ಕ್ಕೆ ಹಿನ್ನೆಲೆಯಲ್ಲಿ ಕಳಿಸುವ ಕೆಲಸ ಶುರುವಾಗಿರುತ್ತದೆ. 256 ಗಿಗಾಬೈಟ್ ಸ್ಮರಣೆಯ ಯಂತ್ರದಲ್ಲಿ ಶೇಕಡಾ 20 ಎಂದರೆ ಸುಮಾರು 50 ಗಿಗಾಬೈಟ್. ಅಷ್ಟನ್ನು ಸ್ಮರಣೆಯ ವೇಗದಲ್ಲಿ ತುಂಬಿಕೊಂಡು, ಆಮೇಲೆ ಕಡತ ಮುಚ್ಚುವಾಗ ಸರ್ವರಿನ ವೇಗದಲ್ಲಿ ಇಳಿಸಬೇಕಾಗುತ್ತದೆ, ಏಕೆಂದರೆ ಮುಚ್ಚುವಾಗ ಬಾಕಿಯನ್ನೆಲ್ಲ ತೀರಿಸಬೇಕೆಂಬುದು ಎನ್‌ಎಫ್‌ಎಸ್‌ನ ನಿಯಮ. ವಿಎಂ ಡರ್ಟಿ ಬೈಟ್ಸ್ ಮತ್ತು ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ ಮೂಲಕ ಮಿತಿಯನ್ನು ಶೇಕಡಾವಾರಿನ ಬದಲು ಬೈಟುಗಳಲ್ಲಿ, ಒಂದೆರಡು ಗಿಗಾಬೈಟಿಗೆ ಇಳಿಸಿದರೆ ಹರಿವು ಸಮವಾಗುತ್ತದೆ. ಒಟ್ಟು ಸಮಯ ಕಡಿಮೆಯಾಗದೆ ಇರಬಹುದು, ಆದರೆ ಯಂತ್ರ ನಡುವೆ ಮೂರ್ಛೆ ಹೋಗುವುದು ನಿಲ್ಲುತ್ತದೆ.

ಸರ್ವರ್ ಹಂಚುವ ಕೋಶದ, ಅಂದರೆ ಎಕ್ಸ್‌ಪೋರ್ಟಿನ, ಆಯ್ಕೆಗಳಲ್ಲಿ ಅಸಿಂಕ್ ಹಾಕಿದೊಡನೆ ವೇಗ ಹಲವು ಪಟ್ಟಾಯಿತು. ಹಾಗೆಯೇ ಬಿಡಬಹುದೇ?

ಬಿಡಬಾರದು, ಕಳೆದುಹೋದರೂ ಚಿಂತೆಯಿಲ್ಲದ ತಾತ್ಕಾಲಿಕ ಕಡತಗಳ ಜಾಗವೊಂದನ್ನು ಬಿಟ್ಟು. ಅಸಿಂಕ್ ಇದ್ದಾಗ ಸರ್ವರ್ ಡಿಸ್ಕಿಗೆ ಬರೆಯುವ ಮುಂಚೆಯೇ ಬರೆದಾಯಿತು ಎಂದು ಸುಳ್ಳು ಹೇಳುತ್ತದೆ. ಆ ಕ್ಷಣ ಕರೆಂಟ್ ಹೋದರೆ, ನಮ್ಮ ಕಡೆ ಅದು ಹೋಗುವುದು ಅಪರೂಪವೂ ಅಲ್ಲ, ಕ್ಲೈಂಟ್ ತನ್ನ ಪ್ರತಿಯನ್ನು ಆಗಲೇ ಬಿಸಾಡಿರುತ್ತದೆ. ದತ್ತಾಂಶ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಆ ವೇಗದ ಏರಿಕೆ ಹೇಳುತ್ತಿರುವ ನಿಜ ಬೇರೆ: ನಿಮ್ಮ ಡಿಸ್ಕು ಬರಹವನ್ನು ಖಾತ್ರಿಪಡಿಸಲು ತುಂಬ ಹೊತ್ತು ತೆಗೆದುಕೊಳ್ಳುತ್ತಿದೆ. 7200 ಆರ್‌ಪಿಎಂ ಡಿಸ್ಕು ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಆದ್ದರಿಂದ ಪ್ರತಿ ಬರಹವೂ ಖಾತ್ರಿಯಾಗಬೇಕೆನ್ನುವ ತಂತ್ರಾಂಶಕ್ಕೆ ಸೆಕೆಂಡಿಗೆ ನೂರು ಚಿಲ್ಲರೆ ಬರಹಗಳಿಗಿಂತ ಹೆಚ್ಚು ಸಿಗುವುದಿಲ್ಲ. ಪರಿಹಾರವಿರುವುದು ವಿದ್ಯುತ್ ಹೋದರೂ ತನ್ನೊಳಗಿನದನ್ನು ಉಳಿಸಿಕೊಳ್ಳುವ ಕೆಪಾಸಿಟರ್ ಉಳ್ಳ ಎಸ್‌ಎಸ್‌ಡಿಯಲ್ಲಿ, ಬ್ಯಾಟರಿ ಉಳ್ಳ ರೇಡ್ ಕಾರ್ಡಿನಲ್ಲಿ, ಜಡ್‌ಎಫ್‌ಎಸ್ ಆದರೆ ಅಂಥದೇ ಎಸ್‌ಎಸ್‌ಡಿಯ ಮೇಲಿಟ್ಟ ಪ್ರತ್ಯೇಕ ಲಾಗ್‌ನಲ್ಲಿ. ಜಾಲಕ್ಕೆ ಲಕ್ಷಗಟ್ಟಲೆ ಸುರಿದು ಇಲ್ಲಿ ಕೈಬಿಗಿ ಹಿಡಿದವರನ್ನು ಹಲವರನ್ನು ಕಂಡಿದ್ದೇನೆ.

ಒಂದು ಲಕ್ಷ ಚಿಕ್ಕ ಕಡತಗಳ ಕೋಶವನ್ನು ಬಿಚ್ಚಲು ನಿಮಿಷಗಟ್ಟಲೆ ಬೇಕು. 100 ಗಿಗಾಬಿಟ್ ಕಾರ್ಡ್ ಹಾಕಿದರೆ ಸರಿಹೋಗುತ್ತದೆಯೇ?

ಇಲ್ಲ. ಒಂದು ಚಿಕ್ಕ ಕಡತ ಹುಟ್ಟಬೇಕಾದರೆ ಹೆಸರು ಹುಡುಕುವುದು, ತೆರೆಯುವುದು, ಬರೆಯುವುದು, ಗುಣಗಳನ್ನು ಹೊಂದಿಸುವುದು, ಮುಚ್ಚುವುದು ಎಂದು ಸುಮಾರು ಐದು ಕೋರಿಕೆಗಳು ಒಂದರ ಹಿಂದೊಂದು ಹೋಗಿಬರುತ್ತವೆ. ಪ್ರತಿಯೊಂದಕ್ಕೆ 0.2 ಮಿಲಿಸೆಕೆಂಡ್ ಎಂದರೆ ಲಕ್ಷ ಕಡತಗಳಿಗೆ 100 ಸೆಕೆಂಡ್ ಬರೀ ದಾರಿಯಲ್ಲೇ ಕಳೆಯುತ್ತದೆ, ಡಿಸ್ಕಿನ ಖಾತ್ರಿಯ ಸಮಯ ಅದರ ಮೇಲೆ. ಬ್ಯಾಂಡ್‌ವಿಡ್ತ್ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಟಾರ್ ಕಡತವನ್ನು ಸರ್ವರಿನ ಮೇಲೆಯೇ ಬಿಚ್ಚಿ, ಅಥವಾ ಕೆಲಸವನ್ನು ಎಂಟು ಹತ್ತು ಸಮಾನಾಂತರ ಪ್ರಕ್ರಿಯೆಗಳಿಗೆ ಹಂಚಿ. ತಂತ್ರಾಂಶ ಕಟ್ಟುವ ಯಂತ್ರಗಳಾದರೆ ನಡುವಿನ ಕಡತಗಳನ್ನು ಸ್ಥಳೀಯ ಡಿಸ್ಕಿನಲ್ಲಿಟ್ಟು ಅಂತಿಮ ಫಲವನ್ನಷ್ಟೇ ಎನ್‌ಎಫ್‌ಎಸ್‌ಗೆ ಕಳಿಸಿ. ಬದಲಾಗದ ಕಡತಗಳನ್ನು ಮತ್ತೆ ಮತ್ತೆ ಓದುವುದಷ್ಟೇ ಇದ್ದರೆ ಗುಣಗಳ ಸ್ಮರಣಾವಧಿಯನ್ನು ಎಸಿಟೈಮಿಯೊ ಆಯ್ಕೆಯಿಂದ 600 ಸೆಕೆಂಡಿನಂತೆ ಹಿಗ್ಗಿಸಿ, ಕಡತ ತೆರೆದಾಗಲೆಲ್ಲ ಸರ್ವರನ್ನು ಕೇಳುವುದನ್ನು ತಪ್ಪಿಸುವ ನೋಸಿಟಿಒ ಹಾಕಬಹುದು. ಹಲವು ಯಂತ್ರಗಳು ಬರೆಯುವ ಕೋಶಕ್ಕೆ ಇದನ್ನು ಹಾಕಿದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಹತ್ತು ನಿಮಿಷ ಕಾಣದೆ ಜಗಳವಾಗುತ್ತದೆ.

25 ಅಥವಾ 100 ಗಿಗಾಬಿಟ್ ಕಾರ್ಡಿಗೆ ಯಂತ್ರದೊಳಗೆ ಏನೇನು ನೋಡಬೇಕು?

ಮೊದಲು ಅದು ಕೂತಿರುವ ಪಿಸಿಐಇ ಕಿಂಡಿ. ಮೂರನೆಯ ಪೀಳಿಗೆಯ ಎಂಟು ಲೇನ್‌ಗಳ ಕಿಂಡಿ ಸುಮಾರು 63 ಗಿಗಾಬಿಟ್ ಸಾಗಿಸುತ್ತದೆ. ಅದರಲ್ಲಿ 100 ಗಿಗಾಬಿಟ್ ಕಾರ್ಡ್ ಎಂದೂ ತುಂಬಿ ಹರಿಯದು, ಹದಿನಾರು ಲೇನ್ ಬೇಕು. ಕಿಂಡಿಯ ಉದ್ದ ಹದಿನಾರರಷ್ಟಿದ್ದು ಒಳಗಿನ ತಂತಿ ನಾಲ್ಕಕ್ಕೇ ಇರುವ ಮದರ್‌ಬೋರ್ಡುಗಳೂ ಇವೆ. ಎಲ್‌ಎಸ್‌ಪಿಸಿಐ ಆಜ್ಞೆಯ ವಿವರವಾದ ವರದಿಯಲ್ಲಿ ಕೊಂಡಿಯ ಸಾಮರ್ಥ್ಯ ಮತ್ತು ಸದ್ಯದ ಸ್ಥಿತಿ ಎರಡೂ ಇರುತ್ತವೆ, ಸ್ಥಿತಿಯ ಸಾಲನ್ನೇ ನಂಬಿ.

ಎರಡು ಸಾಕೆಟ್‌ಗಳ ಯಂತ್ರವಾದರೆ ಕಾರ್ಡು ಯಾವ ಸಿಪಿಯುಗೆ ಅಂಟಿಕೊಂಡಿದೆ ಎಂಬುದು ಮುಖ್ಯ. ಕಾರ್ಡು ಒಂದು ಬದಿ, ಎನ್‌ವಿಎಂಇ ಡಿಸ್ಕುಗಳು ಇನ್ನೊಂದು ಬದಿ ಇದ್ದರೆ ಪ್ರತಿ ಬೈಟೂ ಎರಡು ಸಿಪಿಯುಗಳ ನಡುವಿನ ಸೇತುವೆ ದಾಟಬೇಕು. ಕಾರ್ಡಿನ ಇಂಟರಪ್ಟ್‌ಗಳನ್ನು ಅದರ ಬದಿಯ ತಿರುಳುಗಳಿಗೇ ಕಟ್ಟಿ. ಈಥ್‌ಟೂಲ್‌ನಿಂದ ರಿಂಗ್ ಬಫರನ್ನು ಗರಿಷ್ಠಕ್ಕೆ ಏರಿಸಿ, ಅದರ ಅಂಕಿಅಂಶಗಳಲ್ಲಿ ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆ ಹೆಚ್ಚುತ್ತಿದೆಯೇ ಎಂದು ಭಾರ ಹಾಕಿದಾಗಲೇ ನೋಡಿ. ಕೊನೆಯದಾಗಿ ಸಿಪಿಯು ನಿದ್ದೆ: ಆಳವಾದ ವಿದ್ಯುತ್ ಉಳಿತಾಯದ ಸ್ಥಿತಿಯಿಂದ ಏಳಲು ಹಿಡಿಯುವ ಮೈಕ್ರೊಸೆಕೆಂಡುಗಳು ಚಿಕ್ಕ ಕೋರಿಕೆಗಳಲ್ಲಿ ಎದ್ದು ಕಾಣುತ್ತವೆ. ಟ್ಯೂನ್‌ಡಿ ಸೇವೆಯ ನೆಟ್‌ವರ್ಕ್ ಲೇಟೆನ್ಸಿ ಪ್ರೊಫೈಲ್ ಹಾಕಿದರೆ ಅದು ತಪ್ಪುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ.

ಯುಡಿಪಿ ಹಗುರವಲ್ಲವೇ, ಅದನ್ನು ಬಳಸಿದರೆ?

ಬಳಸಬೇಡಿ. ಐಪಿ ತುಂಡುಗಳ ಗುರುತಿನ ಸಂಖ್ಯೆ 16 ಬಿಟ್‌ನದು, 65536ರ ನಂತರ ಮತ್ತೆ ಮೊದಲಿನಿಂದ ಬರುತ್ತದೆ. ವೇಗದ ಜಾಲದಲ್ಲಿ ಅದು ಎಷ್ಟು ಬೇಗ ಸುತ್ತುತ್ತದೆಂದರೆ ಒಂದು ಕೋರಿಕೆಯ ತುಂಡು ಇನ್ನೊಂದರ ತುಂಡಿಗೆ ಅಂಟಿ ಕಡತ ಸದ್ದಿಲ್ಲದೆ ಕೆಡುವ ಸಾಧ್ಯತೆಯಿದೆ. ಲಿನಕ್ಸ್ ಕ್ಲೈಂಟ್ 5.6ರಿಂದ ಯುಡಿಪಿಯನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿದೆ.

ಆವೃತ್ತಿ 3 ವೇಗವೋ, 4.1 ಅಥವಾ 4.2 ವೇಗವೋ?

ದೊಡ್ಡ ಕಡತಗಳನ್ನು ಓದಿ ಬರೆಯುವುದರಲ್ಲಿ ಹೇಳಿಕೊಳ್ಳುವಷ್ಟು ಅಂತರವಿಲ್ಲ. 1995ರ ಆವೃತ್ತಿ 3 ಸರಳ, ಅದಕ್ಕೆ ತೆರೆಯುವ ಮತ್ತು ಮುಚ್ಚುವ ಕೋರಿಕೆಗಳಿಲ್ಲ, ಹಾಗಾಗಿ ಕೆಲವು ಚಿಕ್ಕ ಕಡತಗಳ ಕೆಲಸದಲ್ಲಿ ಇಂದಿಗೂ ಮುಂದಿದೆ. 4.1ರಲ್ಲಿ ಕ್ಲೈಂಟ್ ಮತ್ತು ಸರ್ವರ್ ನಡುವಿನ ಕೋರಿಕೆಗಳ ಲೆಕ್ಕವಿಡುವ ಸೆಶನ್‌ಗಳು, ಕಡತವೊಂದನ್ನು ಸ್ವಲ್ಪ ಕಾಲ ಕ್ಲೈಂಟಿಗೇ ವಹಿಸಿಕೊಡುವ ಡೆಲಿಗೇಶನ್‌ಗಳ ಸುಧಾರಣೆ, ದತ್ತಾಂಶವನ್ನು ಹಲವು ಸರ್ವರ್‌ಗಳಿಂದ ನೇರ ತರುವ ಪಿಎನ್‌ಎಫ್‌ಎಸ್ ಇವೆ. ಗಮನಿಸಬೇಕಾದ ಅಂಕಿಯೊಂದಿದೆ: 4.1ರಿಂದ ಮೇಲಿನ ಕ್ಲೈಂಟ್ ಏಕಕಾಲಕ್ಕೆ ಬಾಕಿ ಇಡಬಲ್ಲ ಕೋರಿಕೆಗಳು ಸೆಶನ್ನಿನ ಸ್ಲಾಟ್‌ಗಳಷ್ಟೇ, ಲಿನಕ್ಸ್ ಎನ್‌ಎಫ್‌ಎಸ್ ಮಾಡ್ಯೂಲ್ ಕೇಳುವ ಪೂರ್ವನಿಯೋಜಿತ ಸಂಖ್ಯೆ 64. ಸಮಾನಾಂತರ ಚಿಕ್ಕ ಓದುಗಳು ಬಹಳವಿದ್ದು ಎಕ್ಸಿ ಮತ್ತು ಆರ್‌ಟಿಟಿಯ ಅಂತರ ಬೆಳೆದಿದ್ದರೆ ಇದನ್ನು 128 ಅಥವಾ 180ಕ್ಕೆ ಏರಿಸಿ ನೋಡಿ. ಹೊಸದಾಗಿ ಕಟ್ಟುವವರು 4.2ರಿಂದಲೇ ಶುರುಮಾಡುವುದು ನನ್ನ ಸಲಹೆ.

ಆರ್‌ಡಿಎಂಎ ಬೇಕೇ?

ಸಿಪಿಯು ದಣಿದಿದ್ದರೆ ಅಥವಾ ಪ್ರತಿ ಕೋರಿಕೆಯ ವಿಳಂಬವೇ ತೊಡಕಾಗಿದ್ದರೆ ಬೇಕು. ಆರ್‌ಡಿಎಂಎಯಲ್ಲಿ ಕಾರ್ಡು ದತ್ತಾಂಶವನ್ನು ನೇರವಾಗಿ ಸ್ಮರಣೆಗೆ ಇಳಿಸುವುದರಿಂದ ನಕಲುಗಳು ತಪ್ಪುತ್ತವೆ. ಮೌಂಟ್ ಮಾಡುವಾಗ ಪ್ರೋಟೊ ಆಯ್ಕೆಗೆ ಆರ್‌ಡಿಎಂಎ ಎಂದೂ ಪೋರ್ಟಿಗೆ 20049 ಎಂದೂ ಕೊಟ್ಟರೆ ಆಯಿತು; ಇನ್ಫಿನಿಬ್ಯಾಂಡ್ ಎಂಬ ಬೇರೆ ಬಗೆಯ ವೇಗದ ಜಾಲ ಇದ್ದವರಿಗೆ ಇದು ಸುಲಭದ ಲಾಭ. ಆರ್‌ಡಿಎಂಎಯನ್ನು ಈಥರ್‌ನೆಟ್ ಮೇಲೆ ನಡೆಸುವ ರೋಸಿಗೆ ಮಾತ್ರ ಸ್ವಿಚ್ಚುಗಳಲ್ಲಿ ಪ್ಯಾಕೆಟ್ ಕಳೆಯದಂತೆ ಹರಿವು ನಿಯಂತ್ರಣವನ್ನು ಎಚ್ಚರದಿಂದ ಹೊಂದಿಸಬೇಕು, ಇಲ್ಲದಿದ್ದರೆ ಟಿಸಿಪಿಗಿಂತ ಕೆಟ್ಟ ಫಲ ಬರುತ್ತದೆ. ಎನ್‌ಕನೆಕ್ಟ್‌ನಿಂದಲೇ ಬೇಕಾದ ವೇಗ ಸಿಕ್ಕಿದ್ದರೆ ಈ ಗೊಡವೆ ಬೇಡ.

ಗೂಢಲಿಪೀಕರಣ ಎಷ್ಟು ದುಬಾರಿ?

ಬಳಕೆದಾರರ ಗುರುತು ಖಾತ್ರಿಪಡಿಸುವ ಕರ್ಬರೋಸ್ ವ್ಯವಸ್ಥೆಯ ಕೆಆರ್‌ಬಿ5 ಗುರುತನ್ನಷ್ಟೇ ಪರಿಶೀಲಿಸುತ್ತದೆ, ದೊಡ್ಡ ಕಡತಗಳಿಗೆ ಅದರ ಬೆಲೆ ಅಲ್ಪ. ಕೆಆರ್‌ಬಿ5ಐ ಪ್ರತಿ ಬೈಟಿನ ಅಖಂಡತೆಯನ್ನು ನೋಡುತ್ತದೆ, ಕೆಆರ್‌ಬಿ5ಪಿ ಪ್ರತಿ ಬೈಟನ್ನೂ ಗುಪ್ತಗೊಳಿಸುತ್ತದೆ. ಇವೆರಡೂ 10 ಗಿಗಾಬಿಟ್ಟನ್ನು ತುಂಬಿಸಲು ಬಿಡದಿರುವುದು ಸಾಮಾನ್ಯ. 2022ರಲ್ಲಿ ಪ್ರಮಾಣಿತವಾದ, ಎನ್‌ಎಫ್‌ಎಸ್ ಕೋರಿಕೆಗಳನ್ನು ಹೊರುವ ಆರ್‌ಪಿಸಿಯನ್ನು ಟಿಎಲ್‌ಎಸ್ ಗೂಢಲಿಪಿಯ ಒಳಗೆ ಸಾಗಿಸುವ ವಿಧಾನ ಈಚಿನ ಲಿನಕ್ಸ್‌ನಲ್ಲಿದೆ. ಭದ್ರತೆಯನ್ನು ವೇಗಕ್ಕಾಗಿ ತೆಗೆಯುವ ಮುಂಚೆ ಆ ಜಾಲದಲ್ಲಿ ಇನ್ನಾರು ಇದ್ದಾರೆ ಎಂಬುದನ್ನು ನೋಡಿಕೊಳ್ಳಿ.

ಎಲ್ಲ ಸರಿಮಾಡಿದ್ದೆ, ರೀಬೂಟ್ ಆದ ಮೇಲೆ ಮತ್ತೆ ನಿಧಾನ.

ಬದಲಾವಣೆಗಳು ಬೇರೆ ಬೇರೆ ಕಡೆ ವಾಸಿಸುತ್ತವೆ. ಎನ್‌ಕನೆಕ್ಟ್‌ನಂಥ ಮೌಂಟ್ ಆಯ್ಕೆಗಳು ಎಫ್‌ಎಸ್‌ಟ್ಯಾಬ್‌ನಲ್ಲಿ, ಡರ್ಟಿ ಬೈಟ್ಸ್ ಮತ್ತು ಟಿಸಿಪಿ ಬಫರ್‌ಗಳು ಸಿಸ್‌ಕಂಟ್ರೋಲ್ ಕೋಶದಲ್ಲಿ, ಸೆಶನ್ ಸ್ಲಾಟ್‌ಗಳು ಮಾಡ್‌ಪ್ರೋಬ್ ಕೋಶದಲ್ಲಿ, ಸರ್ವರಿನ ಥ್ರೆಡ್‌ಗಳು ಎನ್‌ಎಫ್‌ಎಸ್ ಕಾನ್ಫ್‌ನಲ್ಲಿ ಇರಬೇಕು. ರಿಂಗ್ ಬಫರ್ ಮತ್ತು ಎಂಟಿಯು ನಿಮ್ಮ ಜಾಲ ನಿರ್ವಾಹಕ ಸೇವೆಯ ಪಾಲು. ಹೆಚ್ಚು ಕಾಡುವುದು ಮುನ್ನೋದು: ಅದು ಮೌಂಟ್ ಕಳಚಿದೊಡನೆ ಮರೆತುಹೋಗುತ್ತದೆ, ಬೇಕಾದಾಗ ಮೌಂಟ್ ಮಾಡಿ ಬೇಡವಾದಾಗ ಕಳಚುವ ಆಟೊಎಫ್‌ಎಸ್ ಬಳಸುವವರಲ್ಲಿ ದಿನಕ್ಕೆ ಹತ್ತು ಸಲ ಮರೆತುಹೋಗಬಹುದು. ಪ್ರತಿ ಹೊಸ ಮೌಂಟಿಗೂ ತಾನಾಗಿ ಅನ್ವಯಿಸುವಂತೆ ಯುಡೆವ್ ನಿಯಮವೊಂದನ್ನು ಬರೆಯಬೇಕು. ಈಚಿನ ಎನ್‌ಎಫ್‌ಎಸ್ ಸಾಧನಗಳ ಜೊತೆ ಇದಕ್ಕೆಂದೇ ಎನ್‌ಎಫ್‌ಎಸ್‌ಆರ್‌ಎಹೆಡ್ ಎಂಬ ಪುಟ್ಟ ಸಾಧನ ಬರುತ್ತದೆ. ನಿಯಮ ಬರೆದ ಮೇಲೆ ಮೌಂಟನ್ನು ಒಮ್ಮೆ ಕಳಚಿ, ಮತ್ತೆ ಹಾಕಿ, ಬಿಡಿಐ ವಿಭಾಗದ ಅಂಕಿ 15360 ಎಂದೇ ಇದೆಯೇ ಎಂದು ಕಣ್ಣಾರೆ ನೋಡಿ.